ನೂರ ಹನ್ನೆರಡನೆಯ ಪುಟ

ಜನವರಿ 9

ಅಕ್ಕ, ನಮಸ್ಕಾರ.

ಫೋನಿನಲ್ಲಿ ಯಾರು ಮಾತಾಡಿದರೂ ಜೇನುಗೂಡಿಗೆ ಕಿವಿಯಿಟ್ಟ ಹಾಗಾಗುತ್ತದೆ ಎಂದು ಕಳೆದ ಸಲ ನೀವೇ ಹೇಳಿದಿರಿ. ಅದಕ್ಕೇ ಈ ಕಾಗದ. ನನ್ನ ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೇ ಇದೆ. ನಾನು ಪತ್ರಿಕೆಗೆ ಕೆಲಸ ಕಲಿಯಲು ಬಂದ ಮೊದಲ ದಿನವೇ, ಫೋಟೋ ವಿಭಾಗದಲ್ಲಿ ಎಲ್ಲರೆದುರು ನೀವು ಇದೇ ಮಾತು ಹೇಳಿ ನಗಿಸಿದ್ದಿರಿ. ಮೂವತ್ತು ವರ್ಷವಾಯಿತು, ಒಂದಿಷ್ಟೂ ಸುಧಾರಿಸಿಲ್ಲ.

ನನ್ನ ಹೊಸ ಪುಸ್ತಕ ನಿಮ್ಮ ಊರಿನದು. ಸುಟ್ಟುಹೋದ ಆ ಚಿತ್ರಮಂದಿರದ ಕಥೆ. ಆಗ ಎಲ್ಲರೂ 'ನಾಯಕ' ಎಂದೇ ಕರೆಯುತ್ತಿದ್ದ ನಟನ ಹೊಸ ಸಿನಿಮಾ, ಮೊದಲ ದಿನದ ಮಧ್ಯಾಹ್ನದ ಆಟ, ಪರದೆಯ ಹಿಂದೆ ಹೊತ್ತಿಕೊಂಡ ಬೆಂಕಿ, ಬೀಗ ಹಾಕಿದ್ದ ಪಕ್ಕದ ಬಾಗಿಲು, ಮೂವತ್ತೊಂದು ಜನ. ನಲವತ್ತು ವರ್ಷವಾದರೂ ಆ ಬೀಗ ಹಾಕಿದವರು ಯಾರೆಂದು ಯಾರೂ ಹೇಳಿಲ್ಲ. ವಿಚಾರಣೆಯಲ್ಲಿ ಮಾಲೀಕ "ನಾನು ಹೇಳಿಲ್ಲ" ಎಂದ. ಇಬ್ಬರು ಗೇಟ್‌ಕೀಪರುಗಳೂ "ನನಗೆ ಗೊತ್ತಿಲ್ಲ" ಎಂದರು.

ಈಗ ಕೇಳಿ. ಪತ್ರಿಕೆ ಮುಚ್ಚಿದ ಮೇಲೆ ನಮ್ಮ ಚಿತ್ರಗಳೆಲ್ಲ ಇಲ್ಲಿನ ಗ್ರಂಥಾಲಯದ ನೆಲಮಾಳಿಗೆಗೆ ಬಂದಿವೆ. ಬೆಂಕಿಯ ಲಕೋಟೆಯಲ್ಲಿ ಬರೀ ಹೊಗೆ, ಬೂದಿ, ಅಳುವ ಜನ. ನಿನ್ನೆ ನಾಯಕನ ಅಭಿಮಾನಿಗಳ ಬಗ್ಗೆ ಒಂದು ಅಧ್ಯಾಯಕ್ಕಾಗಿ ಬೇರೊಂದು ಲಕೋಟೆ ಬಿಚ್ಚಿದೆ. ಅದರಲ್ಲಿ ಆ ಮಧ್ಯಾಹ್ನದ್ದೇ ಒಂದು ಚಿತ್ರ! ಯಾರೋ ಅವಸರದಲ್ಲಿ ತಪ್ಪು ಲಕೋಟೆಗೆ ಸೇರಿಸಿದ್ದಾರೆ. ಪಕ್ಕದ ಬಾಗಿಲ ಮುಂದೆ ಸಮವಸ್ತ್ರದ ಇಬ್ಬರು. ಎಡಗಡೆಯವನು ಟಾರ್ಚು ಹಿಡಿದು ನಗುತ್ತಿದ್ದಾನೆ. ಬಲಗಡೆಯವನು ಬಗ್ಗಿ ಬೀಗ ಹಾಕುತ್ತಿದ್ದಾನೆ, ಟೋಪಿಯ ನೆರಳಲ್ಲಿ ಮುಖ ಕಾಣುವುದಿಲ್ಲ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಎರಡು ಹೆಸರು: ಮೊದಲು ದೊರೆ, ಆಮೇಲೆ ಸಿಳ್ಳೆ.

ಚಿತ್ರಮಂದಿರದಲ್ಲಿ ಅವರನ್ನು ಹಾಗೇ ಕರೆಯುತ್ತಿದ್ದರಂತೆ. ದೊರೆ ತೀರಿಕೊಂಡಿದ್ದಾನೆ. ಸಿಳ್ಳೆ ಬದುಕಿದ್ದಾನೆ, ನಿಮ್ಮ ಊರಲ್ಲೇ ಸೈಕಲ್ ರಿಪೇರಿ ಅಂಗಡಿ. ಎಡದಿಂದ ಎಣಿಸಿದರೆ ಬೀಗ ಹಾಕುತ್ತಿರುವವನು ಸಿಳ್ಳೆ.

ಕೇಳುವುದು ಇಷ್ಟೇ. ಆ ಪೆನ್ಸಿಲಿನ ಅಕ್ಷರ ನಿಮ್ಮದೇ ಅಲ್ಲವೇ? ಹೌದೆಂದು ಒಂದು ಸಾಲು ಬರೆದರೆ ಅಚ್ಚಿಗೆ ಕೊಡುತ್ತೇನೆ.

ನಿಮ್ಮ ತಮ್ಮ

*

ಜನವರಿ 20

ಮರಿ ಇತಿಹಾಸಕಾರನಿಗೆ ಆಶೀರ್ವಾದ.

ನಿನ್ನ ಕಾಗದ ಓದಲು ಎರಡು ಕನ್ನಡಕ ಬೇಕಾಯಿತು. ಎಡಗೈಯಲ್ಲಿ ಬರೆದೆಯೋ, ಕಾಲಲ್ಲಿ ಬರೆದೆಯೋ ನೀನೇ ಹೇಳಬೇಕು.

ನಾನು ಚೆನ್ನಾಗಿದ್ದೇನೆ. ಎರಡು ಕೋಣೆಯ ಇದೇ ಮನೆ, ಇದೇ ಎರಡನೆಯ ಮಹಡಿ. ಮಂಡಿ ದಿನಕ್ಕೊಂದು ರಾಗ ಹಾಡುತ್ತದೆ. ಕೆಳಗಿನ ಬೀದಿಯಲ್ಲಿ ಇಡೀ ದಿನ ಬಸ್ಸುಗಳು ಕೂಗುತ್ತವಂತೆ, ನನಗೆ ಅದರ ಕಾಟವಿಲ್ಲ. ಕಿವುಡಿಗೂ ಒಂದು ಸುಖವಿದೆ ನೋಡು.

ನೀನು ಕೇಳಿದ್ದಕ್ಕೆ ಉತ್ತರ: ಹೌದು, ಅಕ್ಷರ ನನ್ನದೇ. ಆಗ ನಾನು ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಹೆಸರುಗಳೂ ಸರಿಯಾದವೇ. ಅಲ್ಲಿ ಇದ್ದವರು ಅವರಿಬ್ಬರೇ.

ಒಂದು ಮಾತು. ಅಚ್ಚಿಗೆ ಕೊಡುವ ಮುಂಚೆ ನೀನೇ ಒಮ್ಮೆ ಬಂದು ಆ ಮನುಷ್ಯನ ಅಂಗಡಿಯಲ್ಲಿ ಕುಳಿತು ಮಾತಾಡು. ಅವನ ಮುಖದ ಒಂದು ಭಾಗ, ಎರಡೂ ಕೈ ಆ ಬೆಂಕಿಯಲ್ಲಿ ಬೆಂದಿವೆ. ಹೆಚ್ಚು ಮಾತಿನವನಲ್ಲ. ಮೊದಲು ಸಿನಿಮಾ ಹಾಡುಗಳನ್ನೆಲ್ಲ ಸಿಳ್ಳೆಯಲ್ಲೇ ಹಾಡುತ್ತಿದ್ದನಂತೆ, ಅದಕ್ಕೇ ಆ ಹೆಸರು. ಈಗ ತುಟಿ ಸೇರುವುದಿಲ್ಲ. ಬಸ್ಸಿಗೆ ಆರು ತಾಸು, ಸತ್ತುಹೋಗುವಷ್ಟೇನೂ ದೂರವಲ್ಲ. ನನ್ನ ಮನೆಯಲ್ಲೇ ಇಳಿದುಕೋ.

ನಲವತ್ತು ವರ್ಷದ ಹಳೆಯ ಪೆನ್ಸಿಲನ್ನು ಅಷ್ಟೊಂದು ನಂಬಬೇಡವೋ. ಬರೆದವಳು ಆಗ ಇಪ್ಪತ್ತೆರಡರ ಹುಡುಗಿ.

ಅಕ್ಕ

*

ಜನವರಿ 27

ಅಕ್ಕ,

ನಿಮ್ಮ ಒಂದು ಸಾಲು ಸಾಕಾಯಿತು. ಪ್ರಕಾಶಕರು ಕುಣಿದಾಡುವುದೊಂದು ಬಾಕಿ.

ಬರಬೇಕೆಂದು ನನಗೂ ಆಸೆಯೇ. ಆದರೆ ಫೆಬ್ರವರಿ ಮುಗಿಯುವುದರೊಳಗೆ ಕರಡಚ್ಚು ತಿದ್ದಿ ಕೊಡಬೇಕು. ಅಲ್ಲದೆ ನನ್ನ ರೀತಿ ನಿಮಗೆ ಗೊತ್ತಲ್ಲ. ಬದುಕಿರುವವರನ್ನು ಕೇಳಿದರೆ ತಮಗೆ ಬೇಕಾದ್ದನ್ನು ಹೇಳುತ್ತಾರೆ. ಕಾಗದ ಯಾರ ಮುಲಾಜೂ ನೋಡುವುದಿಲ್ಲ. ವಿಚಾರಣೆಯಲ್ಲಿ "ನನಗೆ ಗೊತ್ತಿಲ್ಲ" ಎಂದವನು ಈಗ ನನ್ನ ಮುಂದೆ ಕುಳಿತು "ಹೌದು ಸ್ವಾಮಿ, ನಾನೇ" ಎನ್ನುತ್ತಾನೆಯೇ? ಅವನ ಕೈ ಮುಖ ಬೆಂದದ್ದೂ ವರದಿಯಲ್ಲಿದೆ. ಬಾಗಿಲ ಹತ್ತಿರವೇ ಇದ್ದ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಕ್ಕ.

ಇಪ್ಪತ್ತೆರಡರ ಹುಡುಗಿಯನ್ನು ನೀವು ನಂಬದಿದ್ದರೂ ನಾನು ನಂಬುತ್ತೇನೆ. ಚಿತ್ರದ ಹಿಂದೆ ಹೆಸರು ಬರೆಯುವುದನ್ನು ನನಗೆ ಕಲಿಸಿದ್ದು ಅವಳೇ.

ತಮ್ಮ

*

ಏಪ್ರಿಲ್ 6

ಅಕ್ಕ,

ಫೆಬ್ರವರಿಯಲ್ಲಿ ಒಂದು, ಮಾರ್ಚಿನಲ್ಲಿ ಒಂದು ಕಾಗದ ಬರೆದೆ. ಎರಡಕ್ಕೂ ನಿಮ್ಮಿಂದ ಉತ್ತರವಿಲ್ಲ. ಮಂಡಿಯ ರಾಗ ಜೋರಾಯಿತೇ?

ಪುಸ್ತಕ ಬಂದಿದೆ. ಇನ್ನೂ ಅಂಟಿನ ವಾಸನೆ ಹೋಗಿಲ್ಲ. ಇದರ ಜೊತೆ ಒಂದು ಪ್ರತಿ ಕಳಿಸಿದ್ದೇನೆ. ನೂರ ಹನ್ನೆರಡನೆಯ ಪುಟ ನೋಡಿ, ಪೂರ್ತಿ ಪುಟಕ್ಕೆ ಆ ಚಿತ್ರ ಹಾಕಿದ್ದಾರೆ. ಕೊನೆಯಲ್ಲಿ ಸತ್ತ ಮೂವತ್ತೊಂದು ಜನರ ಹೆಸರು, ವಯಸ್ಸು, ಅವರ ಮನೆಯವರು ಈಗಿರುವ ಬೀದಿ, ಎಲ್ಲ ಕೊಟ್ಟಿದ್ದೇನೆ. ಆ ಪಟ್ಟಿ ಮಾಡಲು ಎಂಟು ತಿಂಗಳು ಹಿಡಿಯಿತು. ನನ್ನ ಪುಸ್ತಕಗಳಲ್ಲೇ ಇದು ದೊಡ್ಡದು ಎಂದು ಓದಿದವರು ಹೇಳುತ್ತಿದ್ದಾರೆ. ನನಗೂ ಹಾಗೇ ಅನಿಸುತ್ತದೆ. ನಿಮ್ಮ ಹತ್ತಿರ ಹೇಳಿಕೊಳ್ಳಲು ಸಂಕೋಚವೇನು.

ಕೃತಜ್ಞತೆಯ ಪುಟದಲ್ಲಿ ಮೊದಲ ಸಾಲು ನಿಮ್ಮದು.

ತಮ್ಮ

*

ಏಪ್ರಿಲ್ 24

ತಮ್ಮಾ,

ಪುಸ್ತಕ ಕೈಸೇರಿತು. ಮೂರು ದಿನದಲ್ಲಿ ಓದಿದೆ. ನಾಯಕನ ಕೇಶಶೈಲಿ ನೋಡಿ ಊರಿನ ಕ್ಷೌರಿಕರೆಲ್ಲ ಹೊಸ ಕತ್ತರಿ ಕೊಂಡ ಕಥೆ, ಗೋಡೆಗೆ ಅಂಟಿಸಿದ ಭಿತ್ತಿಪತ್ರ ಕಿತ್ತು ಮನೆಗೆ ಒಯ್ದು ಹಾಸಿಗೆಯ ಮೇಲೆ ಹಾಸಿಕೊಂಡ ಹುಡುಗಿಯರ ಕಥೆ, ಓದಿ ನಕ್ಕೆ. ಆ ಹುಡುಗಿಯರಲ್ಲಿ ನಾನೂ ಒಬ್ಬಳು ಎಂದು ನಿನಗೆ ಯಾರು ಹೇಳಿದರು?

ಚೆನ್ನಾಗಿ ಬರೆದಿದ್ದೀಯ. ಅದನ್ನು ಒಪ್ಪಬೇಕು. ನಿನ್ನ ಕೈಬರಹಕ್ಕೂ ನಿನ್ನ ಬರಹಕ್ಕೂ ಅಜಗಜಾಂತರ.

ನೂರ ಹನ್ನೆರಡನೆಯ ಪುಟ ನೋಡಿದೆ.

ಇಲ್ಲಿ ಪುಸ್ತಕದಂಗಡಿಯವನು ನಿನ್ನ ಪುಸ್ತಕವನ್ನು ಗಾಜಿನ ಹಿಂದೆ ಅದೇ ಪುಟ ತೆರೆದು ನಿಲ್ಲಿಸಿದ್ದಾನೆ. ಜನ ನಿಂತು ನೋಡುತ್ತಾರೆ. ಜೀವಮಾನದಲ್ಲಿ ಪಂಚಾಂಗ ಬಿಟ್ಟು ಬೇರೇನೂ ಕೊಳ್ಳದವರೂ ಕೊಂಡಿದ್ದಾರೆ. ಎರಡು ಸಲ ತರಿಸಿದನಂತೆ, ಎರಡು ಸಲವೂ ಖಾಲಿಯಾಯಿತಂತೆ. ಹಾಲಿನ ಅಂಗಡಿಯ ಹೆಂಗಸು ನನ್ನನ್ನು ತಡೆದು ನಿಲ್ಲಿಸಿ, ನನಗೆ ಕೇಳಲಿ ಎಂದು ಕೂಗಿ ಹೇಳಿದಳು: "ನೋಡಿದ್ರಾ ಅಕ್ಕಾ, ಇಷ್ಟು ವರ್ಷ ನಮ್ ಸೈಕಲ್ಲಿಗೆ ಗಾಳಿ ಹಾಕಿದ್ದು ಆ ಕೈ ಅಂತೆ!" ನಾನು ಹಾಲು ತೆಗೆದುಕೊಂಡು ಬಂದೆ.

ಫೆಬ್ರವರಿಯಲ್ಲಿ ಬರೆಯಬೇಕೆಂದು ಕುಳಿತೆ, ಮಾರ್ಚಿನಲ್ಲೂ ಕುಳಿತೆ. ಆಗಲಿಲ್ಲ. ಮಂಡಿಯೇ ಕಾರಣ ಎಂದುಕೋ.

ಅಕ್ಕ

*

ಮೇ 11

ಅಕ್ಕ,

ಕೇಳಿದರೆ ನಗುತ್ತೀರಿ. ಆ ಸಿಳ್ಳೆ ನನಗೆ ಕಾಗದ ಬರೆದಿದ್ದಾನೆ. ಬರೆಸಿದ್ದಾನೆ ಎನ್ನಬೇಕು, ಮಗಳ ಕೈಯಲ್ಲಿ. ಅವಳು ಹೊಲಿಗೆ ಕೆಲಸದವಳಂತೆ. ಇಡೀ ಕಾಗದ ಐದೇ ಸಾಲು. "ಸಾರ್, ನಗ್ತಾ ಇರೋನು ನಾನು. ಬೀಗ ಹಾಕ್ತಾ ಇರೋನು ನಾನಲ್ಲ. ನನ್ನ ಮುಖ ಈಗ ಹಾಗಿಲ್ಲ, ಅದಕ್ಕೆ ತೋರ್ಸೋಕೆ ಆಗಲ್ಲ. ಆಗಿನ ಫೋಟೋ ನಮ್ಮನೇಲಿ ಒಂದೂ ಇಲ್ಲ. ದಯವಿಟ್ಟು ಸರಿಮಾಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸರಿ, ನೀನಲ್ಲ. ಹಾಗಾದರೆ ಯಾರು? ಅದನ್ನು ಹೇಳಿಲ್ಲ. ಸತ್ತ ಸ್ನೇಹಿತನ ಮೇಲೆ ಹೊರಿಸುವಷ್ಟೂ ಧೈರ್ಯವಿಲ್ಲ. ಪ್ರಕಾಶಕರಿಗೆ ತೋರಿಸಿದೆ. ಉತ್ತರ ಬರೆಯುವುದು ಬೇಡ, ಬರೆದರೆ ಬೆಳೆಯುತ್ತದೆ ಎಂದರು. ಒಂದು ವಾರ ಮೇಜಿನ ಮೇಲಿತ್ತು, ಈಗ ಖಾನೆಗೆ ಹಾಕಿದ್ದೇನೆ.

ಆದರೂ ಒಂದು ಮುಳ್ಳು. ನೀವು ಆ ಊರಿನಲ್ಲೇ ಇದ್ದೀರಿ, ಅವರಿಬ್ಬರನ್ನೂ ಕಂಡವರು. ಇವನ ಮಾತಿನಲ್ಲಿ ಏನಾದರೂ ನಿಜವಿದ್ದರೆ ನೀವು ನನಗೆ ಹೇಳದೆ ಇರುತ್ತಿದ್ದಿರೇ? ಇರುತ್ತಿರಲಿಲ್ಲ. ಅಷ್ಟು ಸಾಕು ನನಗೆ.

ತಮ್ಮ

*

ಜೂನ್ 2

ತಮ್ಮಾ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ದಿನಾ ಮೇಜಿನ ಮೇಲೆ ಬಿಡಿಸಿಡುತ್ತೇನೆ, ದಿನಾ ಮಡಚುತ್ತೇನೆ.

ಇಲ್ಲಿಯ ಸಂಗತಿ ಬರೆಯುತ್ತೇನೆ, ನೀನೇ ತಿಳಿದುಕೋ. ಸಿಳ್ಳೆಯ ಅಂಗಡಿಗೆ ಈಗ ಸೈಕಲ್ ಬರುವುದಿಲ್ಲ. ದಿನಾ ಬೆಳಿಗ್ಗೆ ಅವನ ಅಂಗಡಿಯ ಬಾಗಿಲಿಗೆ ಯಾರೋ ಒಂದು ಹೊಸ ಬೀಗ ಜಡಿದು ಹೋಗಿರುತ್ತಾರೆ. ಅವನು ಗರಗಸ ಹಿಡಿದು ಕುಕ್ಕರುಗಾಲಲ್ಲಿ ಕುಳಿತು ಅದನ್ನು ಕುಯ್ಯುತ್ತಾನೆ. ಆ ಬೆರಳುಗಳಿಗೆ ಹಿಡಿತವಿಲ್ಲ, ಮುಕ್ಕಾಲು ತಾಸು ಬೇಕು. ಜನ ಸುತ್ತ ನಿಂತು ನೋಡುತ್ತಾರೆ. ಯಾರೂ ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ಸುಮ್ಮನೆ ನಿಂತು ನೋಡುತ್ತಾರೆ. ಮಗಳ ಹತ್ತಿರ ಹೊಲಿಯಲು ಕೊಟ್ಟ ಬಟ್ಟೆಗಳನ್ನು ಹೊಲಿಯದಿದ್ದರೂ ಪರವಾಗಿಲ್ಲವೆಂದು ವಾಪಸು ಒಯ್ದಿದ್ದಾರೆ.

ಒಂದು ದಿನ ನಾನೂ ನಿಂತೆ. ಅವನು ತಲೆ ಎತ್ತಲಿಲ್ಲ.

ಅವನ ಕಾಗದಕ್ಕೆ ಎರಡು ಸಾಲು ಬರೆದಿದ್ದರೆ ನಿನ್ನ ಕೈಯೇನೂ ಸವೆಯುತ್ತಿರಲಿಲ್ಲ. ಸತ್ತ ಸ್ನೇಹಿತನ ಮೇಲೆ ಹೊರಿಸಲು ಧೈರ್ಯವಿಲ್ಲ ಎಂದು ಬರೆದೆಯಲ್ಲ, ಅದಕ್ಕೆ ಬೇರೆ ಹೆಸರೂ ಇರಬಹುದು. ಇದಕ್ಕಿಂತ ಹೆಚ್ಚು ಇವತ್ತು ನನ್ನ ಕೈಯಲ್ಲಿ ಬರೆಯಲಾಗುತ್ತಿಲ್ಲ.

ನೀನು ಬಾ. ಬರೆಯಲಾಗದ್ದು ಎದುರಿಗೆ ಹೇಳಲಾಗುತ್ತದೋ ಏನೋ.

ಅಕ್ಕ

*

ಜುಲೈ 15

ಅಕ್ಕ,

ಒಂದು ಸಿಹಿ ಸುದ್ದಿ. ಈ ವರ್ಷದ ಇತಿಹಾಸ ಪುಸ್ತಕದ ಪ್ರಶಸ್ತಿ ನನ್ನದಕ್ಕೆ! ಎರಡನೆಯ ಮುದ್ರಣ ಈಗಾಗಲೇ ಯಂತ್ರದ ಮೇಲಿದೆ. ಮುಖಪುಟಕ್ಕೆ ಪ್ರಶಸ್ತಿಯ ದುಂಡು ಮೊಹರು ಬೇರೆ. ರೇಡಿಯೋದವರು ಒಂದು ತಾಸು ಮಾತಾಡಿಸಿದರು. ಆ ಚಿತ್ರ ಹೇಗೆ ಸಿಕ್ಕಿತು ಎಂದು ಎಲ್ಲರಿಗೂ ಅದೇ ಕುತೂಹಲ. ನಿಮ್ಮ ಬಗ್ಗೆ ಹೇಳಿದೆ. ಚಿತ್ರದ ಹಿಂದೆ ಹೆಸರು ಬರೆದಿಡುವ ಒಬ್ಬ ಶ್ರದ್ಧಾವಂತೆ ಇದ್ದದ್ದರಿಂದ ನಲವತ್ತು ವರ್ಷದ ಮೇಲೆ ಸತ್ಯ ಹೊರಬಂತು ಎಂದೆ.

ನಿಮ್ಮ ಜೂನಿನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಆದರೆ ಜನ ಬೀಗ ಜಡಿಯುವುದಕ್ಕೆ ಪುಸ್ತಕ ಏನು ಮಾಡೀತು ಹೇಳಿ. ಸತ್ಯ ಬರೆದರೆ ಯಾರಿಗಾದರೂ ನೋವಾಗಿಯೇ ಆಗುತ್ತದೆ. ಸಮಾರಂಭ ಮುಗಿದ ಮೇಲೆ ಖಂಡಿತ ಬರುತ್ತೇನೆ.

ತಮ್ಮ

*

ಜುಲೈ 19

ತಮ್ಮಾ,

ಸಿಳ್ಳೆ ಸತ್ತ. ಹನ್ನೆರಡನೆಯ ತಾರೀಕು, ಹಗಲು ಹನ್ನೊಂದು ಗಂಟೆಗೆ.

ಜೂನ್ ಕೊನೆಯಿಂದ ಅವನು ಅಂಗಡಿ ಮುಚ್ಚಿ, ನಿನ್ನ ಪುಸ್ತಕವನ್ನು ಒಂದು ಚೀಲದಲ್ಲಿಟ್ಟುಕೊಂಡು ಹೊರಡುತ್ತಿದ್ದನಂತೆ. ಕೊನೆಯಲ್ಲಿ ನೀನು ಪಟ್ಟಿ ಕೊಟ್ಟಿದ್ದೀಯಲ್ಲ, ಎಂಟು ತಿಂಗಳು ಹಿಡಿದ ಪಟ್ಟಿ, ಅದನ್ನು ಮಗಳ ಕೈಯಲ್ಲಿ ಓದಿಸಿಕೊಂಡು ಮೊದಲ ಹೆಸರಿನಿಂದ ಶುರುಮಾಡಿದ. ಒಂದೊಂದೇ ಮನೆ. ಬಾಗಿಲು ತಟ್ಟಿ "ನಾನಲ್ಲ" ಎಂದು ಹೇಳುವುದು, ಬರುವುದು. ಹೋಗಿ ಬಂದ ಮನೆಯ ಹೆಸರಿನ ಮುಂದೆ ಮಗಳ ಬಳಪದಿಂದ ಗೀಟು. ಹತ್ತೊಂಬತ್ತನೆಯ ಮನೆ ಮೂರನೆಯ ಮಹಡಿಯಲ್ಲಿ. ಅಲ್ಲಿ ಮಾತಿಗೆ ಮಾತು ಬೆಳೆಯಿತಂತೆ. ತಳ್ಳಿದರು ಎನ್ನುವವರಿದ್ದಾರೆ, ಕಾಲು ಜಾರಿತು ಎನ್ನುವವರೂ ಇದ್ದಾರೆ. ಮೆಟ್ಟಿಲ ಕೆಳಗೆ ಬಿದ್ದವನು ಏಳಲಿಲ್ಲ.

ಈಗ ನಾನು ಹೇಳಬೇಕಾದ್ದನ್ನು ಹೇಳುತ್ತೇನೆ. ಜನವರಿಯಲ್ಲೇ ಹೇಳಬೇಕಿತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ಒಂದು ಅಭ್ಯಾಸವಿತ್ತು. ಚಿತ್ರವನ್ನು ಬೋರಲಾಗಿ ಬೆಳಕಿನ ಗಾಜಿನ ಮೇಲೆ ಇಡುತ್ತಿದ್ದೆ. ಕೆಳಗಿನಿಂದ ಬೆಳಕು ಬಂದಾಗ ಹಿಂಬದಿಯಲ್ಲೂ ಆಕಾರ ಮಸುಕಾಗಿ ಕಾಣುತ್ತದೆ. ಯಾರು ಎಲ್ಲಿ ಕಂಡರೋ ಅಲ್ಲೇ, ಅವರ ಬೆನ್ನ ಮೇಲೇ ಹೆಸರು ಬರೆಯುತ್ತಿದ್ದೆ. ಎಂಥ ಜಾಣೆ ನಾನು ಎಂದುಕೊಂಡಿದ್ದೆ. ಮಗುಚಿದ ಚಿತ್ರದಲ್ಲಿ ಎಡಕ್ಕಿರುವವನು ಮುಂದಿನಿಂದ ನೋಡಿದರೆ ಬಲಕ್ಕಿರುತ್ತಾನೆ. ಮರುವರ್ಷ ಬಹುಮಾನ ಬಂದ ಒಂದು ಕುದುರೆಯ ಹೆಸರು ಅದರ ಮಾಲೀಕನ ಕೆಳಗೂ, ಮಾಲೀಕನ ಹೆಸರು ಕುದುರೆಯ ಕೆಳಗೂ ಅಚ್ಚಾಗಿ, ಅವನು ಕಚೇರಿಗೆ ಬಂದು ಕೂಗಾಡಿದ. ಆಮೇಲೆ ಸಂಪಾದಕರು ಕಟ್ಟಪ್ಪಣೆ ಮಾಡಿದರು, ಇನ್ನು ಮೇಲೆ "ಎಡದಿಂದ" ಎಂದು ಬರೆದೇ ಹೆಸರು ಹಾಕಬೇಕು ಎಂದು. ನೀನು ಬಂದದ್ದು ಅದಾಗಿ ಒಂಬತ್ತು ವರ್ಷಕ್ಕೆ. ನೀನು ಕಲಿತದ್ದು ಎರಡನೆಯ ಪದ್ಧತಿ. ಆ ಚಿತ್ರದ ಹಿಂದೆ "ಎಡದಿಂದ" ಎಂಬ ಮಾತಿಲ್ಲ, ಹೋಗಿ ನೋಡು.

ನಗುತ್ತಿರುವವನು ಸಿಳ್ಳೆ. ಬೀಗ ಹಾಕುತ್ತಿರುವವನು ದೊರೆ.

ದೊರೆ ನನ್ನ ಅಣ್ಣ.

ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ನನ್ನನ್ನು ಸಾಕಿ ಓದಿಸಿದವನು. ಟಿಕೆಟ್ಟಿಲ್ಲದವರು ನುಗ್ಗುತ್ತಾರೆ, ಪಕ್ಕದ ಬಾಗಿಲಿಗೆ ಬೀಗ ಹಾಕು ಎಂದು ಮಾಲೀಕ ಹೇಳಿದ. ಅಣ್ಣ ಹಾಕಿದ. ಅಷ್ಟರಲ್ಲಿ ನಾಯಕ ಮುಂದಿನ ಗೇಟಿಗೆ ಬರುತ್ತಾನೆ ಎಂದು ಸುದ್ದಿ ಹಬ್ಬಿತು. ಕೀಲಿ ಜೇಬಿನಲ್ಲಿಟ್ಟುಕೊಂಡು ನೋಡಲು ಓಡಿದ. ನಾಯಕ ಬರಲೇ ಇಲ್ಲ. ಇವನು ಜನರ ನಡುವೆ ಸಿಕ್ಕಿಕೊಂಡು ನಿಂತಿದ್ದಾಗ ಒಳಗೆ ಬೆಂಕಿ. ಬರಿಗೈಯಲ್ಲಿ ಆ ಬಾಗಿಲು ಒಡೆಯಲು ಹೋಗಿ ಬೆಂದವನು ಸಿಳ್ಳೆ.

ಚಿತ್ರ ನನ್ನ ಮೇಜಿಗೆ ಬಂದದ್ದು ಅದೇ ಸಂಜೆ. ಹೆಸರು ಬರೆದ ಮೇಲೆ ನಾನು ಬರೆದದ್ದು ಏನೆಂದು ನನಗೆ ಹೊಳೆಯಿತು. ಹರಿಯಲು ಕೈ ಬರಲಿಲ್ಲ. ಅಭಿಮಾನಿಗಳ ಲಕೋಟೆಗೆ ಹಾಕಿದೆ. ಯಾರೂ ಅವಸರದಲ್ಲಿ ತಪ್ಪಿ ಹಾಕಿದ್ದಲ್ಲ.

ನಿನ್ನ ಜನವರಿಯ ಕಾಗದ ಬಂದಾಗ ಅಣ್ಣ ಸಿಕ್ಕಿಬಿದ್ದ ಎಂದು ಹೆದರಿದೆ. ಎರಡು ಸಲ ಓದಿದ ಮೇಲೆ, ನೀನು ತಿರುವುಮುರುವು ಓದಿದ್ದೀಯ ಎಂದು ತಿಳಿಯಿತು. ಸುಳ್ಳು ಹೇಳುವುದಿಲ್ಲ, ಸಮಾಧಾನವಾಯಿತು. ಅಣ್ಣ ಉಳಿದ ಎಂದುಕೊಂಡೆ. ಅಕ್ಷರ ನನ್ನದು, ಹೆಸರು ಸರಿ, ಎಂದು ಬರೆದೆ. ಎರಡೂ ನಿಜವೇ. ನೀನು ಸಿಳ್ಳೆಯನ್ನು ಹೋಗಿ ಕಂಡರೆ ಅವನೇ ಹೇಳುತ್ತಾನೆ, ನಾನು ಹೇಳಬೇಕಾಗುವುದಿಲ್ಲ ಎಂದು ಒಂದು ಆಸೆಯಿತ್ತು. ನಿನಗೆ ಬಿಡುವಿರಲಿಲ್ಲ.

ಇನ್ನೊಂದಿದೆ. ಮೇ ತಿಂಗಳಲ್ಲಿ ಸಿಳ್ಳೆ ನನ್ನ ಮನೆಗೆ ಬಂದಿದ್ದ. ಪುಸ್ತಕ ತೆರೆದು ತೋರಿಸಿ, ನನಗೆ ಕೇಳಲಿ ಎಂದು ಹತ್ತಿರ ಬಗ್ಗಿ ಹೇಳಿದ: "ನೀವು ಪೇಪರ್ನಲ್ಲಿ ಇದ್ದೋರು. ಈ ಫೋಟೋ ನೋಡಿದ್ರೆ ನಿಮ್ಗೆ ಗೊತ್ತಾಗುತ್ತಲ್ಲ. ಒಂದ್ಮಾತು ಬರೆದುಕೊಡಿ." ನಾನು "ಕಣ್ಣು ಮಂಜು, ಸರಿಯಾಗಿ ಕಾಣಿಸೋದಿಲ್ಲಪ್ಪ" ಎಂದೆ. ಅವನು ಗೋಡೆಯ ಮೇಲಿನ ಅಣ್ಣನ ಫೋಟೋ ನೋಡಿದ. ನನ್ನನ್ನು ನೋಡಿದ. "ಆಯ್ತು ಬಿಡಿ, ಆರೋಗ್ಯ ನೋಡ್ಕೊಳ್ಳಿ" ಎಂದು ಮೆಟ್ಟಿಲಿಳಿದು ಹೋದ.

ಯಂತ್ರ ನಿಲ್ಲಿಸು. ಈ ಕಾಗದವನ್ನೇ ಅಚ್ಚು ಹಾಕು. ನನ್ನ ಹೆಸರು ಹಾಕು, ಅಣ್ಣನ ಹೆಸರು ಹಾಕು.

ಅಕ್ಕ

*

ಆಗಸ್ಟ್ 30

ಅಕ್ಕ,

ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಏನೆಂದು ಹೇಳಲಿ. ನಿಮ್ಮ ಕಾಗದ ಬಂದ ಮರುದಿನವೇ ನೆಲಮಾಳಿಗೆಗೆ ಹೋದೆ. "ಎಡದಿಂದ" ಎಂದು ಇರಲಿಲ್ಲ. ಆ ವರ್ಷದ ಇನ್ನೂ ಹತ್ತು ಚಿತ್ರ ತೆಗೆದು ನೋಡಿದೆ. ಎಲ್ಲವೂ ತಿರುವುಮುರುವು. ಹತ್ತು ನಿಮಿಷದ ಕೆಲಸ ಅಕ್ಕ, ಜನವರಿಯಲ್ಲಿ ಮಾಡಬಹುದಿತ್ತು.

ಪ್ರಕಾಶಕರಿಗೆ ತೋರಿಸಿದೆ. ಅವರು ವಕೀಲರಿಗೆ ತೋರಿಸಿದರು. ಎರಡನೆಯ ಮುದ್ರಣ ಆಗಲೇ ಅಂಗಡಿಗಳಿಗೆ ಹೋಗಿದೆ, ಹಿಂದಕ್ಕೆ ತರಿಸಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ, ಅವನ ಮಗಳು ಮೊಕದ್ದಮೆ ಹಾಕಬಹುದು, ಪ್ರಶಸ್ತಿಯವರೂ ಕೇಳುತ್ತಾರೆ, ಎಂದರು. ಮೂರನೆಯ ಮುದ್ರಣ ಆಗುವುದಾದರೆ ಕೊನೆಯ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಟಿಪ್ಪಣಿ ಹಾಕೋಣ ಎಂದರು. ಆಗುವುದಾದರೆ.

ನಾನು ಒಪ್ಪಿಕೊಂಡು ಬಂದೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಹತ್ತು ಪುಸ್ತಕ ಬರೆದವನ ಹೆಸರು ಒಂದು ಪುಟದಲ್ಲಿ ಮಣ್ಣಾಗುತ್ತದೆ. ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ, ಅಚ್ಚಾದದ್ದರ ಬಗ್ಗೆ ಏನು ಹೇಳಬೇಕೋ ತಿಳಿಯದು. ಬೀಗ ಹಾಕಿದವನೂ ಇಲ್ಲ, ಹಾಕದವನೂ ಇಲ್ಲ. ಈಗ ಬಯಲು ಮಾಡಿ ಯಾರಿಗೆ ಏನು ಸಿಗುತ್ತದೆ? ನಿಮಗೂ ಈ ವಯಸ್ಸಿನಲ್ಲಿ ಯಾಕೆ ಬೇಕು ಊರವರ ಕಣ್ಣು.

ಬಯ್ಯಬೇಡಿ ಎನ್ನಲಾರೆ. ಆದರೆ ನಲವತ್ತು ವರ್ಷ ಸುಮ್ಮನಿದ್ದವರು ನೀವು. ನಾನು ಸುಮ್ಮನಿದ್ದದ್ದು ಆರು ವಾರ.

ತಮ್ಮ

*

ಸೆಪ್ಟೆಂಬರ್ 21

ತಮ್ಮಾ,

ನೀನು ಹೇಳಿದ್ದು ಸರಿ. ನಲವತ್ತು ವರ್ಷ. ಅದಕ್ಕೆ ನಾನು ಬಯ್ಯುವುದಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದರು, ನಾವಿಬ್ಬರೂ ಒಂದೇ ಎಲೆಯಲ್ಲಿ ಕುಳಿತಿದ್ದೇವೆ.

ನಿನ್ನ ಟಿಪ್ಪಣಿಗೆ ಕಾಯದೆ ಸಿಳ್ಳೆಯ ಮಗಳ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಹೊಲಿಗೆಯ ಯಂತ್ರ, ಅದರ ಮೇಲೆ ಮುಸುಕು. ಎಲ್ಲ ಹೇಳಿದೆ. ಬಾಗಿಲು ತೋರಿಸಿ ಹೊರಗೆ ನಡಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದು ಚೀಟಿಯಲ್ಲಿ ಬರೆದು ತೋರಿಸಿದಳು. "ನನ್ಗೆ ಗೊತ್ತು. ಅಪ್ಪ ಒಂದ್ಸಲ ಹೇಳಿದ್ರು." ಆಮೇಲೆ ಇನ್ನೊಂದು ಸಾಲು ಬರೆದಳು. ಆ ಚೀಟಿ ನನ್ನ ಹತ್ತಿರವೇ ಇದೆ, ಇದ್ದ ಹಾಗೆ ಬರೆಯುತ್ತೇನೆ. "ವಿಚಾರಣೆಲಿ ಯಾಕೆ ಹೇಳಿಲ್ಲ ಅಂತ ಕೇಳಿದೆ. ಅವನಿಗೆ ಒಬ್ಬಳೇ ತಂಗಿ, ಪೇಪರಲ್ಲಿ ಈಗ ತಾನೆ ಕೆಲಸ ಸಿಕ್ಕಿದೆ, ಅವಳ ಗತಿ ಏನಾಗ್ಬೇಕು ಅಂದ್ರು."

ಅವಳು ನೀರು ಕೊಡಲಿಲ್ಲ, ಹೋಗು ಎನ್ನಲೂ ಇಲ್ಲ. ಚೀಲದಲ್ಲಿದ್ದ ಪುಸ್ತಕ ಕೇಳಿದೆ, ಕೊಟ್ಟಳು. ಪಟ್ಟಿಯಲ್ಲಿ ಹದಿನೆಂಟು ಗೀಟು. ಹತ್ತೊಂಬತ್ತಕ್ಕೆ ಅವನು ಎಳೆದಿರಲಿಲ್ಲ.

ಅಲ್ಲಿಂದಲೇ ಶುರುಮಾಡಿದೆ. ಹದಿಮೂರು ಮನೆ ಉಳಿದಿದ್ದವು. ನಾಲ್ಕು ಮನೆಯವರು ಊರು ಬಿಟ್ಟಿದ್ದಾರೆ. ಒಂಬತ್ತು ಮನೆಗೆ ಹದಿನೇಳು ದಿನ ಬೇಕಾಯಿತು, ಎಲ್ಲ ಮಹಡಿಯ ಮೇಲೇ ಇರುತ್ತಾರೆ ಹಾಳಾದವರು. ಎಲ್ಲರ ಮುಂದೆಯೂ ಹೇಳಿದ್ದು ಒಂದೇ: ಅವನಲ್ಲ, ನನ್ನ ಅಣ್ಣ. ಬರೆದವಳು ನಾನು, ಬಚ್ಚಿಟ್ಟವಳು ನಾನು.

ಹತ್ತೊಂಬತ್ತನೆಯ ಮನೆಯವನು ಬಾಗಿಲು ಅರ್ಧ ತೆರೆದು ನನ್ನ ಮಾತು ಕೇಳಿಸಿಕೊಂಡ. ಅವತ್ತು ಸಿಳ್ಳೆಯನ್ನು ಇವನು ಕೇಳಿದ್ದನಂತೆ, ನೀನಲ್ಲದಿದ್ದರೆ ಮತ್ತೆ ಯಾರು ಎಂದು. "ಅದು ನನ್ ಬಾಯಲ್ಲಿ ಬೇಡ" ಎಂದನಂತೆ ಸಿಳ್ಳೆ. "ಹೆಸ್ರು ಹೇಳಕ್ಕಾಗ್ದೋನು ಸುಳ್ಳ ಅಲ್ದೆ ಮತ್ತೇನು" ಎಂದು ಇವನು ನನ್ನನ್ನೇ ಕೇಳಿದ. ಹೆಸರು ನಾನು ಹೇಳಿದೆ. ಅವನು ನಂಬಲಿಲ್ಲ. ನಂಬಿದರೆ ಆ ಮೆಟ್ಟಿಲನ್ನು ಅವನು ದಿನಾ ಹೇಗೆ ಇಳಿಯಬೇಕು?

ಉಳಿದವರೂ ನಂಬಲಿಲ್ಲ. ಬಯ್ಯುತ್ತಾರೆ, ಅಟ್ಟುತ್ತಾರೆ, ಮುಖಕ್ಕೆ ಉಗಿಯುತ್ತಾರೆ ಎಂದೆಲ್ಲ ಅಂದುಕೊಂಡು ಹೋಗಿದ್ದೆ. ಯಾರೂ ಹಾಗೆ ಮಾಡಲಿಲ್ಲ. ಒಬ್ಬರು ನನ್ನನ್ನು ಅರಳುಮರಳು ಎಂದುಕೊಂಡು, ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದರು. ಒಬ್ಬರು ಆ ಮಗಳು ನನಗೆ ಏನು ಹೇಳಿಕೊಟ್ಟಿದ್ದಾಳೆ ಎಂದು ಕೇಳಿದರು. ನಿನ್ನ ಪುಸ್ತಕ ಒಂಬತ್ತರಲ್ಲಿ ಏಳು ಮನೆಯಲ್ಲಿದೆ, ಮೊಹರು ಇರುವುದೂ ಇದೆ.

ಕೊನೆಯ ಹೆಸರು ಒಬ್ಬ ಹದಿನಾಲ್ಕು ವರ್ಷದ ಹುಡುಗಿಯದು. ಶಾಲೆ ತಪ್ಪಿಸಿ ಹೋಗಿದ್ದಳಂತೆ. ಅವಳ ತಾಯಿಗೆ ಈಗ ಎಂಬತ್ತು ದಾಟಿದೆ. ಒಳಗೆ ಕರೆದು ಕೂರಿಸಿದರು. ನಾನು ಹೇಳುವಷ್ಟನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ ಎದ್ದು ಕನ್ನಡಕ ಹುಡುಕಿ, ಕಪಾಟಿನಿಂದ ಪುಸ್ತಕ ತೆಗೆದು, ನೂರ ಹನ್ನೆರಡನೆಯ ಪುಟ ತೆರೆದು ನನ್ನ ತೊಡೆಯ ಮೇಲಿಟ್ಟರು. ಬೀಗ ಹಾಕುವವನ ಮೇಲೆ ಬೆರಳಿಟ್ಟು, ನನಗೆ ಕೇಳಲಿ ಎಂದು ಕಿವಿಯ ಹತ್ತಿರ ಬಾಯಿ ತಂದು ಹೇಳಿದರು: "ಇಲ್ಲಿ ಅಚ್ಚಾಗಿದೆಯಲ್ಲ ತಾಯಿ. ಓದಿದೋರು ಸುಮ್ಮನೆ ಬರೀತಾರಾ? ನೀವು ಒಳ್ಳೇವ್ರು. ಸತ್ತೋನ ಮೇಲೆ ಕನಿಕರ ಇಟ್ಟು, ಸ್ವಂತ ಅಣ್ಣನ ಮೇಲೆ ಹಾಕ್ಕೊಂಡು ಬಂದಿದೀರಿ."

ನಾನು ಅಲ್ಲವೆಂದು ತಲೆಯಾಡಿಸುತ್ತಲೇ ಇದ್ದೆ. ಅವರು ನನ್ನನ್ನು ತಬ್ಬಿಕೊಂಡು, "ಅಳಬೇಡಿ, ಅಳಬೇಡಿ" ಎಂದು ನನ್ನ ತಲೆ ನೇವರಿಸಿದರು.

ಅಕ್ಕ